ಮೂರು ಜೋಡಿಯಲ್ಲಿ ಮೂರನೆಯದು

"ಆ ಕಡಿ ಬಿದಿರು ಎರಡು ಬಟ್ಟು ಗಿಡ್ಡ ಅದ ನೋಡು," ಎಂದು ಗೋರಖನಾಥ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಹೇಳಿದ.

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಇಬ್ಬರೂ ಕೈ ತಡೆದರು. ಒಬ್ಬ ಅವನ ಅಕ್ಕನ ಮಗ ಅಶ್ವಜಿತ, ಔರಾದ ತಾಲೂಕಿನ ಎಕಂಬಾದಿಂದ ಬೆಳಗಿನ ಬಸ್ಸಿಗೆ ಬಂದವನು. ಇನ್ನೊಬ್ಬ, ತೀರಿಕೊಂಡ ವಿಶಾಖಾಳ ತಮ್ಮ ರತ್ನದೀಪ. ಎರಡೂ ಬಿದಿರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹೇಳಿದಷ್ಟೇ ಗಿಡ್ಡವಿತ್ತು.

"ಇವತ್ತೊಂದು ದಿನ ಅಳತಿ ಬಿಡ್ರಿ ಮಾಮಾ," ಎಂದ ಅಶ್ವಜಿತ.

ಬಿಡು ಎಂದರೆ ಬಿಡುವುದು ಹೇಗೆ? ಗೋರಖನಾಥ ಸರ್ವೇಯರ್ ಆಗಿದ್ದವನು. ಭಾಲ್ಕಿ ತಾಲೂಕಿನ ಹೊಲಗಳಲ್ಲಿ ಸರಪಳಿ ಎಳೆದು ನೌಕರಿ ಮುಗಿಸಿದವನು. ಅಣ್ಣತಮ್ಮಂದಿರು ಎದುರುಬದುರು ಕೊಡಲಿ ಹಿಡಿದು ನಿಂತ ಬದುವಿನಲ್ಲಿ ಗೂಟ ಬಡಿದು, 'ಇಲ್ಲಿಂದ ಇತ್ತ ನಿಂದು, ಅತ್ತ ಅವನದು' ಎಂದು ಹೇಳಿ, ತಲೆ ಉಳಿಸಿಕೊಂಡು ಮನೆಗೆ ಬಂದವನು. ನಿನ್ನೆ ಸಂಜೆ ಹೆಂಡತಿ ಹೋದ ಮೇಲೆ ಅವನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಬಂದವರಿಗೆಲ್ಲ ಅದೇ ಚಿಂತೆ. ಅವನಿಗೆ ಬಿದಿರಿನ ಚಿಂತೆ.

"ಉದ್ದಂದು ಕೊಯ್ದು ಸಮ ಮಾಡ್ರಿ. ಇಲ್ಲಾಂದ್ರ ಹಿಂದಿನ ಮೂಲಿ ಜೋಲಿ ಹೊಡಿತದ."

ರತ್ನದೀಪ ಗರಗಸ ತೆಗೆದುಕೊಂಡ. "ಹೆಗಲು ಯಾರ್ಯಾರ್ದು ಅಂತ ಹೇಳಿಬಿಡ್ರಿ ಭಾವಾ. ನಂದೊಂದು, ಅಶ್ವಜಿತಂದೊಂದು. ಪ್ರಣಿತಾ ತಾನೂ ಕೊಡ್ತೇನಿ ಅಂತಾಳ. ನಾಲ್ಕನೇದ್ದು?"

"ಉಸ್ಮಾನ ಮಿಯಾ ಇದ್ದಾರಲ್ಲ."

ಪಕ್ಕದ ಮನೆಯ ಉಸ್ಮಾನ ಮಿಯಾ ತನ್ನ ಟೆಂಪೋದಲ್ಲಿ ಬಿದಿರು ತಂದು ಹಾಕಿ, ಗೋಡೆಗೆ ಒರಗಿ ನಿಂತಿದ್ದ. ಹೌದೆಂದು ತಲೆಯಾಡಿಸಿದ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಒಳಗಿನಿಂದ ಮಗಳು ಪ್ರಣಿತಾ ಬಂದು ಹೊಸ್ತಿಲ ಮೇಲೆ ನಿಂತಳು. ಔರಾದದ ಕಾಲೇಜಿನಲ್ಲಿ ಪಾಠ ಹೇಳುವವಳು. ಮಾತಾಡಿದರೆ ಕೊನೆಯ ಬೆಂಚಿಗೂ ಕೇಳಬೇಕು.

"ಪಪ್ಪಾ, ಕ್ರಿಸ್ತಪ್ಪ ಮಾಮಾ ಬೀದರದಿಂದ ಹೊಂಟಾರ. ನಾಲ್ಕನೇ ಹೆಗಲು ಅವರದೇ ಆಗಬೇಕು."

ಗೋರಖನಾಥ ಉತ್ತರ ಕೊಡುವ ಮೊದಲೇ ಅವನ ಅಕ್ಕ ಶೇವಂತಾಬಾಯಿ ನಡುಮನೆಯಿಂದ ಹೊರಗೆ ಬಂದಳು. ಅತ್ತು ಅತ್ತು ಅವಳ ದನಿ ಕುಳಿತಿತ್ತು. ಹಾಗೆಂದು ನಾಲಿಗೆ ಕುಳಿತಿರಲಿಲ್ಲ.

"ಯಾಕ? ಜೀವ ಇದ್ದಾಗ ತಲಿ ಮ್ಯಾಲ ಎತ್ತಿ ಕುಣಿಸಿದ್ದು ಸಾಲಲಿಲ್ಲೇನು ಅಂವಗ? ಹೋಗೋವಾಗೂ ಅಂವನೇ ಎತ್ತಬೇಕಾ? ಮಂದಿ ಏನಂತಾರ, ಗೋರಖಾ?"

"ಆತ್ಯಾ, ಅದು ಆಟ ಇತ್ತರಿ. ಸ್ಪರ್ಧಾ ಇತ್ತು."

"ಆಟಾನೋ ಪಾಟಾನೋ. ಗಂಡ ಇದ್ದಾನ, ಅಂವ ಹೇಳಲಿ."

ಎಲ್ಲರೂ ಗಂಡನತ್ತ ತಿರುಗಿದರು. ಅವರ ಮನೆತನದಲ್ಲಿ ಕೆಂಡದ ಮಡಕೆ ಹಿಡಿಯುವ ಪದ್ಧತಿ ಅಜ್ಜ ಬೌದ್ಧನಾದಾಗಲೇ ಹೋಗಿತ್ತು. ಹೆಂಡತಿ ಸತ್ತರೆ ಗಂಡ ಹೆಗಲು ಕೊಡದೆ ಮುಂದೆ ನಡೆಯುವುದು ಮಾತ್ರ ಉಳಿದುಕೊಂಡಿತ್ತು. ಆದ್ದರಿಂದ ಈ ದಿನ ಅವನ ಪಾಲಿಗೆ ಬಂದದ್ದು ಎರಡೇ ಕೆಲಸ: ಒಂದು ಮೇಣಬತ್ತಿ ಹಿಡಿದು ಮುಂದೆ ನಡೆಯುವುದು, ಇನ್ನೊಂದು ಈ ನಾಲ್ಕನೇ ಹೆಗಲನ್ನು ಯಾರಿಗೆ ಕೊಡುವುದೆಂದು ಹೇಳುವುದು.

"ಮೊದಲ ಆ ಬಿದಿರು ಕೊಯ್ರಿ," ಎಂದ ಅವನು.

*

ಬೀದರಿನಲ್ಲಿ ಬರ್ಫ ಎಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿಚೀಲ ಸುತ್ತಿ ಇಟ್ಟಿರುವ ಗಡ್ಡೆ, ಅಷ್ಟೇ. ಅಂಥ ಊರಿಗೆ ಫಿಗರ್ ಸ್ಕೇಟಿಂಗ್ ಬಂದದ್ದು ವಾಯುಸೇನೆಯ ಒಬ್ಬ ಸಾರ್ಜೆಂಟನ ಬೇಸರದಿಂದ. ಶಿಮ್ಲಾ ಕಡೆಯ ಮನುಷ್ಯ. ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತ ಬೆಳೆದವನು. ಇಲ್ಲಿಗೆ ವರ್ಗವಾಗಿ ಬಂದ ಮೇಲೆ ಭಾನುವಾರಗಳನ್ನು ಏನು ಮಾಡಬೇಕೆಂದು ತಿಳಿಯದೆ, ಗಾಲಿಯ ಸ್ಕೇಟುಗಳ ಒಂದು ಪೆಟ್ಟಿಗೆ ತರಿಸಿಕೊಂಡು, ಚರ್ಚಿನ ಹಿಂದಿನ ಶಾಲೆಯ ಅಂಗಳದಲ್ಲಿ ಓಣಿಯ ಮಕ್ಕಳಿಗೆ ಕಲಿಸತೊಡಗಿದ. ಬರ್ಫದ ಮೇಲೆ ಮಾಡುವುದನ್ನೆಲ್ಲ ಗಾಲಿಯ ಮೇಲೂ ಮಾಡಬಹುದೆಂಬುದು ಅವನ ಹಟ. ಒಂಟಿ ಕಾಲಿನಲ್ಲಿ ಎಂಟರ ಆಕಾರ ಬಿಡಿಸುವುದು, ಹಾರಿ ಸುತ್ತು ಹೊಡೆಯುವುದು, ಹುಡುಗ ಹುಡುಗಿ ಜೋಡಿಯಾಗಿ ಓಡುತ್ತ ಅವನು ಅವಳನ್ನು ತಲೆಯ ಮೇಲೆ ಎತ್ತುವುದು, ಎಲ್ಲ.

ಅಂಗಳಕ್ಕೆ ಶಹಾಬಾದ ಫರಸಿ ಹಾಸಿತ್ತು. ಕಲ್ಲು ನುಣುಪು, ಸಂದುಗಳು ಮಾತ್ರ ಗಾಲಿ ಹಿಡಿಯುತ್ತಿದ್ದವು. ಶನಿವಾರ ಸಂಜೆ ಮಕ್ಕಳು ಉಳಿದ ಮೇಣಬತ್ತಿಯ ತುಂಡುಗಳನ್ನು ಡಬ್ಬಿಯಲ್ಲಿ ಕರಗಿಸಿ ಸಂದುಗಳಿಗೆ ಸುರಿಯುತ್ತಿದ್ದರು. ಚರ್ಚಿನ ತುಂಡುಗಳನ್ನು ತರುವವನು ಕ್ರಿಸ್ತಪ್ಪ. ಬುದ್ಧವಿಹಾರದ ತುಂಡುಗಳನ್ನು ತರುವವಳು ವಿಶಾಖಾ. ಡಬ್ಬಿ ಒಂದೇ. ಸಾರ್ಜೆಂಟ್ ಅವರಿಬ್ಬರನ್ನು ಜೋಡಿ ಮಾಡಿದ್ದಕ್ಕೆ ಇದು ಕಾರಣವಲ್ಲ. ಅವನು ಉದ್ದ ಇದ್ದ, ಇವಳು ಹಗುರ ಇದ್ದಳು.

ಎಂಬತ್ತೆರಡರಲ್ಲಿ ಕೊಲಂಬೊದಲ್ಲಿ 'ಸಾಗರ ಕಪ್' ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಸಾರ್ಜೆಂಟ್ ಮತ್ತು ಅವನ ಹೆಂಡತಿ ಈ ಜೋಡಿಯನ್ನು ರೈಲಿನಲ್ಲಿ ರಾಮೇಶ್ವರಕ್ಕೆ, ಅಲ್ಲಿಂದ ಹಡಗಿನಲ್ಲಿ ಆಚೆಗೆ ಕರೆದುಕೊಂಡು ಹೋದರು. ಮೂರನೇ ಸ್ಥಾನ ಬಂತು, ಕಂಚಿನ ಪದಕ ಬಂತು. ಜೋಡಿ ವಿಭಾಗವನ್ನು ಕೊನೆಯ ಗಳಿಗೆಯಲ್ಲಿ ಸೇರಿಸಿದ್ದರಿಂದ ಪದಕ ಜೋಡಿಗೊಂದೇ ಮಾಡಿಸಿದ್ದರಂತೆ.

ಒಂದು ಪದಕ, ಎರಡು ಮನೆ. ಅವರು ಪಾಳಿ ಹಚ್ಚಿಕೊಂಡರು. ಕ್ರಿಸ್‌ಮಸ್ಸಿಗೆ ಕ್ರಿಸ್ತಪ್ಪ ಅದನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು, ಮೇಲೆ ಕರ್ಚಿಕಾಯಿ ತುಂಬಿ, ಅವಳ ಮನೆಗೆ ತಂದುಕೊಡುವನು. ವೈಶಾಖ ಪೂರ್ಣಿಮೆಗೆ ಅವಳು ಅದೇ ಡಬ್ಬಿಯಲ್ಲಿ ಖೀರಿನ ಸಾಮಾನು ಇಟ್ಟು ಹಿಂದಕ್ಕೆ ಕೊಡುವಳು. ಅವಳ ಮದುವೆಯಾಯಿತು, ಅವನ ಮದುವೆಯಾಯಿತು, ಸಾರ್ಜೆಂಟ್ ವರ್ಗವಾಗಿ ಹೋದ, ಫರಸಿ ಕಿತ್ತು ಮಣ್ಣು ತುಂಬಿದರು. ಡಬ್ಬಿ ಮಾತ್ರ ಬೀದರಿಗೂ ಭಾಲ್ಕಿಗೂ ತಿರುಗುತ್ತಲೇ ಇತ್ತು.

ಗೋರಖನಾಥನೇ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಅವಳನ್ನು ಪ್ರತಿ ಪೂರ್ಣಿಮೆಗೆ ಬೀದರಿಗೆ ಕರೆದೊಯ್ಯುತ್ತಿದ್ದ. ಕ್ರಿಸ್ತಪ್ಪ ಅಷ್ಟೊತ್ತಿಗೆ ಪಿ.ಟಿ. ಮಾಸ್ತರನಾಗಿದ್ದ. ಚಹಾ ಬರುತ್ತಿತ್ತು. ಅವರಿಬ್ಬರೂ ಮೊಣಕಾಲು ನೋವಿನ ಬಗ್ಗೆ, ಸಾರ್ಜೆಂಟನ ಬೈಗುಳದ ಬಗ್ಗೆ ಮಾತಾಡುತ್ತಿದ್ದರು. ಗಂಡ ಕೇಳಬಾರದಂಥ ಒಂದು ಮಾತೂ ಅದರಲ್ಲಿ ಇರುತ್ತಿರಲಿಲ್ಲ. ಅದೇ ಗೋರಖನಾಥನನ್ನು ಹೆಚ್ಚು ಕಾಡುತ್ತಿತ್ತು.

ಆ ಮನೆಯ ಗೋಡೆಗೆ ಒಂದು ಫೋಟೋ ಇತ್ತು. ಬೆಳ್ಳನೆಯ ಚಡ್ಡಿ ಹಾಕಿದ ಹುಡುಗ, ಅವನ ಮೇಲೆತ್ತಿದ ಕೈಗಳ ಮೇಲೆ ಎರಡೂ ತೋಳು ಚಾಚಿದ ವಿಶಾಖಾ. ಅವಳು ನಗುತ್ತಿದ್ದಳು. ಅಂಥ ನಗೆಯನ್ನು ತನ್ನ ಮನೆಯಲ್ಲಿ ನೋಡಿದ್ದೇನೋ ಇಲ್ಲವೋ ಎಂದು ಅವನು ಪ್ರತಿ ವರ್ಷ ಲೆಕ್ಕ ಹಾಕಿ, ಲೆಕ್ಕ ಸಿಗದೆ, ಚಹಾ ಕುಡಿಯುತ್ತಿದ್ದ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಸರ್ವೇಯರನಿಗೆ ಚೆನ್ನಾಗಿ ಗೊತ್ತು: ಒಮ್ಮೆ ಅಳೆದ ಮೇಲೆ ಬದು ಎಲ್ಲಿ ಬೀಳುತ್ತದೋ ಅಲ್ಲಿ ಒಪ್ಪಿಕೊಳ್ಳಬೇಕು. ಅದಕ್ಕೇ ಅವನು ಅಳೆಯದೆ ಬಿಟ್ಟಿದ್ದ.

*

ಕ್ರಿಸ್ತಪ್ಪ ಬಂದಾಗ ಬಿಸಿಲು ಅಂಗಳದ ಅರ್ಧಕ್ಕೆ ಇಳಿದಿತ್ತು. ಜೊತೆಗೆ ಹೆಂಡತಿ ಇವಾಂಜಲಿನ, ನಿವೃತ್ತ ನರ್ಸು. ಆಕೆ ಚಪ್ಪಲಿ ಬಿಟ್ಟವಳೇ ಸೆರಗು ಸಿಕ್ಕಿಸಿಕೊಂಡು ಹೆಣ ತೊಳೆಯಲು ನೇರ ಒಳಗೆ ಹೋದಳು. ಕ್ರಿಸ್ತಪ್ಪ ಮಾತ್ರ ಬಾಗಿಲ ಬಳಿ ನಿಂತು ಒಂದು ಸಲ ಒಳಗೆ ನೋಡಿ, ಬಂದು ಗೋರಖನಾಥನ ಪಕ್ಕ ಕಟ್ಟೆಯ ಮೇಲೆ ಕುಳಿತ. ಈಗಲೂ ಉದ್ದ ಮನುಷ್ಯ, ಬೆನ್ನು ಮಾತ್ರ ತುಸು ಬಾಗಿತ್ತು.

"ಸಾಹೇಬ್ರ," ಎಂದ.

"ಬರ್ರಿ ಮಾಸ್ತರ್."

ಒಳಗಿನ ಕಿಟಕಿಯಿಂದ ನೀರು ಸುರಿಯುವ ಸದ್ದು, ಅದರ ಹಿಂದೆಯೇ ಶೇವಂತಾಬಾಯಿಯ ದನಿ ಕೇಳಿಬಂತು.

"ಸಿಸ್ಟರ್, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗಂಡ ಈಕಿನ್ನ ಎತ್ತಿದ ಫೋಟೋ ನಿಮ್ಮ ಮನ್ಯಾಗೇ ಅದ ಅಂತ. ದಿನಾ ನೋಡಿ ಹೊಟ್ಟಿ ಉರಿಲಿಲ್ಲೇನು?"

"ಉರೀತರಿ ಬಾಯಿ, ಯಾಕ ಉರಿಯಂಗಿಲ್ಲ? ಮದುವ್ಯಾದ ಹೊಸತರಾಗ ನನ್ನನ್ನೂ ಒಂದ್ಸಲ ಎತ್ರಿ ಅಂದೆ. ಎತ್ತಿದ್ರು. ಇಬ್ರೂ ಬಿದ್ವಿ. ಅವರ ನಡಕ್ಕ ವಾರಗಟ್ಟಲೆ ನಾನೇ ಎಣ್ಣಿ ತಿಕ್ಕಿದೆ. ಮ್ಯಾಲ ನನಗೇ ಅಂತಾರ, ನೀ ಜಿಗೀಲಿಲ್ಲ, ಅದಕ್ಕ ಬಿದ್ವಿ ಅಂತ!"

ಶೇವಂತಾಬಾಯಿ ನಕ್ಕುಬಿಟ್ಟಳು. ಆಮೇಲೆ ಎದುರಿಗೆ ಇರುವುದೇನೆಂದು ನೆನಪಾಗಿ ಕೆಮ್ಮಿದಳು. ಕಟ್ಟೆಯ ಮೇಲೆ ಕ್ರಿಸ್ತಪ್ಪ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕುಳಿತಿದ್ದ.

ಗೋರಖನಾಥ ಎದ್ದು ಒಳಗೆ ಹೋಗಿ ಬಿಸ್ಕೀಟಿನ ಡಬ್ಬಿ ತಂದ. "ತಗೋರಿ. ಇನ್ನ ಪೂರ್ಣಿಮಾ ತನಾ ಕಾಯೋದು ಯಾಕ?"

ಕ್ರಿಸ್ತಪ್ಪ ಕೈ ಚಾಚಲಿಲ್ಲ. "ಪೂರ್ಣಿಮಾ ತನಾ ಆಕಿದು ಪಾಳಿ ಅದರಿ ಸಾಹೇಬ್ರ. ಪಾಳಿ ಮುರಿಬಾರದು."

ಡಬ್ಬಿ ಇಬ್ಬರ ನಡುವೆ ಕಟ್ಟೆಯ ಮೇಲೆ ಉಳಿಯಿತು. ಬಿದಿರು ಕಟ್ಟಿ ಮುಗಿಸಿದ ಅಶ್ವಜಿತ ಕೈ ಒರೆಸಿಕೊಳ್ಳುತ್ತ ಬಂದು ಮುಚ್ಚಳ ತೆಗೆದು ನೋಡಿದ. ಕಂಚು ಕಪ್ಪಾಗಿತ್ತು. ಮೇಲೆ ಗಾಲಿಯ ಬೂಟು, ಕೆಳಗೆ ಅಲೆಗಳು.

"ಇದು ಖರೇನೇ ಇಂಟರ್‌ನ್ಯಾಷನಲ್ ಏನ್ರಿ ಮಾಸ್ತರ್?"

ಕ್ರಿಸ್ತಪ್ಪನ ಬದಲು ಪ್ರಣಿತಾ ಉತ್ತರ ಕೊಟ್ಟಳು. ಅವ್ವ ಹಾಸಿಗೆ ಹಿಡಿದ ಮೇಲೆ ಅವಳು ಮೊಬೈಲಿನಲ್ಲಿ ಹುಡುಕಿ ಆ ಸ್ಪರ್ಧೆಯ ಇತಿಹಾಸ ಪತ್ತೆ ಮಾಡಿದ್ದಳು. ಕೊಲಂಬೊದ ಯಾರೋ ಪುಣ್ಯಾತ್ಮರು ಎಲ್ಲ ವರ್ಷಗಳ ಫಲಿತಾಂಶ ಹಾಕಿಟ್ಟಿದ್ದರು. ಅವಳು ಮೊಬೈಲು ತೆರೆದು ಓದಿದಳು. ಸಾಗರ ಕಪ್ ನಡೆದದ್ದು ಏಳು ಸಲ. ಜೋಡಿ ವಿಭಾಗ ಇದ್ದದ್ದು ಎರಡೇ ಸಲ. ಜೋಡಿಗಳು ಸಿಗದೆ ಕೈಬಿಟ್ಟರು. ಪದಕ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿ ಭಾರತ. ಚಿನ್ನ ಇಲ್ಲ, ಬೆಳ್ಳಿ ಇಲ್ಲ, ಕಂಚು ಒಂದು.

"ಅಂದ್ರ ಏಳೂ ಸಲ ಸೇರಿ ಇಡೀ ದೇಶಕ್ಕ ಇದೊಂದೇ?" ಎಂದ ಅಶ್ವಜಿತ. ಡಬ್ಬಿಯನ್ನು ಈಗ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಇದೊಂದೇ."

"ಎಷ್ಟು ಜೋಡಿ ಇದ್ವು?" ಕೇಳಿದವನು ಗೋರಖನಾಥ.

ಪ್ರಣಿತಾ ಬೆರಳು ಸರಿಸಿ ನೋಡಿದಳು. ಮೊಬೈಲನ್ನು ಎದೆಗೆ ಒತ್ತಿಕೊಂಡಳು.

"ಮೂರು ಇದ್ವುರಿ," ಎಂದ ಕ್ರಿಸ್ತಪ್ಪ.

ಅಷ್ಟರಲ್ಲಿ ಶೇವಂತಾಬಾಯಿ ಬಾಗಿಲಿಗೆ ಬಂದಿದ್ದಳು. "ಮೂರ್ರಾಗ ಮೂರನೇದ್ದು? ಅಂದ್ರ ಕಡೀ ನಂಬರ್ ಬಂದಿದ್ರೇನು ನೀವು?"

"ಹೌದ್ರಿ ಬಾಯಿ. ನಾಲ್ಕನೇ ಜೋಡಿ ಹುಡುಗಗ ಜ್ವರ ಬಂದಿತ್ತು. ಅಂವ ಆಡಿದ್ರ ನಮಗ ಅದೂ ಇರ್ತಿರಲಿಲ್ಲ. ಪ್ರತೀ ಕ್ರಿಸ್‌ಮಸ್ಸಿಗೆ ಆಕಿ ಅಂತಿದ್ಳು, ಅಂವಗ ಕಡಿದ ಸೊಳ್ಳಿಗೆ ಒಂದು ಕರ್ಚಿಕಾಯಿ ತೆಗೆದಿಡ್ರಿ ಅಂತ."

ಅಂಗಳದಲ್ಲಿ ಇದ್ದವರೆಲ್ಲ ನಕ್ಕರು. ರತ್ನದೀಪ ನಕ್ಕು ಕಣ್ಣೊರೆಸಿಕೊಂಡ. ಗೋರಖನಾಥನಿಗೆ ನಗು ಬರಲಿಲ್ಲ. ಆ ಸೊಳ್ಳೆಯ ಮಾತು ಅವನಿಗೂ ಗೊತ್ತಿತ್ತು; ಪ್ರತಿ ಕ್ರಿಸ್‌ಮಸ್ಸಿಗೆ ಅಡುಗೆಮನೆಯಿಂದ ಅವಳ ನಗು ಕೇಳುತ್ತಿತ್ತು. ಅವನು ಮಗಳ ಕೈಯಿಂದ ಮೊಬೈಲು ಇಸಿದುಕೊಂಡು ನೋಡಿದ. ಎರಡು ಹೆಸರು, ನಡುವೆ ಒಂದು ಗೆರೆ. ಎಲ್ಲಿಯ ಕೊಲಂಬೊ, ಎಲ್ಲಿಯ ಭಾಲ್ಕಿ! ಅಷ್ಟು ವರ್ಷ ಅವಳ ಜೊತೆ ಸಂಸಾರ ಮಾಡಿದವನ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಇತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಹೆಂಡತಿ ಸತ್ತ ಮರುದಿನವೇ ಅದು ತರವಲ್ಲವೆಂದೂ ಅನಿಸಿತು. ಎರಡೂ ಒಟ್ಟಿಗೇ ಇದ್ದವು.

"ಗೋರಖಾ," ಎಂದು ಶೇವಂತಾಬಾಯಿ ಕಿವಿಯ ಹತ್ತಿರ ಬಂದು ಹೇಳಿದಳು, "ಹೆಣ ತಯ್ಯಾರ ಆಗ್ಯದ. ನಾಲ್ಕನೇ ಹೆಗಲು ಯಾರ್ದು, ಹೇಳಿಬಿಡು."

*

ಹೋದ ಮಳೆಗಾಲದಲ್ಲಿ ಅಂಗನವಾಡಿಯ ಕೆಲಸ ಮುಗಿಸಿ ಬಂದು ಚಹಾಕ್ಕೆ ಇಟ್ಟ ವಿಶಾಖಾ ಹಾಗೆಯೇ ಕುಸಿದಿದ್ದಳು. ಲಕ್ವಾ. ಬಲಗಡೆಯ ಕೈಕಾಲು ಹೋದವು, ಮಾತು ಹೋಯಿತು. ಎಡಗೈ ಮತ್ತು ಕಣ್ಣು ಉಳಿದವು.

ನೋಡಿಕೊಳ್ಳಲು ಕಸ್ತೂರಿಬಾಯಿ ಎಂಬ ಹೆಂಗಸನ್ನು ಇಟ್ಟುಕೊಂಡರು. ಗಟ್ಟಿ ಹೆಂಗಸು. ಆದರೆ ವಿಶಾಖಾಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಲು ಹೋದರೆ ಅವಳು ಮೈ ಬಿಗಿದು ಕಲ್ಲಾಗುತ್ತಿದ್ದಳು. ಕಸ್ತೂರಿಬಾಯಿ ಸೋತಳು, ಪ್ರಣಿತಾ ಸೋತಳು. ಗೋರಖನಾಥನೂ ಮೊದಲು ಸೋತ. ಎತ್ತಲು ಹೋದಾಗಲೆಲ್ಲ ಗಂಟಲಲ್ಲೇ ಏನೋ ಬೈದು, ಎಡಗೈಯಿಂದ ಅವನ ಕೈ ತಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ದಣಿದು, ಅವಳ ಕಂಕುಳಲ್ಲಿ ಕೈ ಕೊಟ್ಟು ಹಾಗೆಯೇ ಸುಮ್ಮನೆ ನಿಂತ. ಅವಳ ಎಡಗೈ ಮೆಲ್ಲಗೆ ಬಂದು ಅವನ ಮಣಿಕಟ್ಟು ಹಿಡಿಯಿತು. ಹೆಬ್ಬೆರಳು ಒಂದು ಸಲ ಒತ್ತಿತು. ಮತ್ತೊಂದು ಸಲ ಒತ್ತಿತು. ಅವನಿಗೆ ಏನನಿಸಿತೋ, ಎತ್ತಿದ. ಅವಳು ಮೇಲಕ್ಕೆ ಬಂದಳು. ಅರ್ಧ ಭಾರವೇ ಇರಲಿಲ್ಲ. ಉಳಿದ ಒಂದು ಕಾಲಿನಲ್ಲಿ ಎಲ್ಲಿಂದ ಬಲ ಕೂಡಿಸಿದಳೋ!

ಅಂದಿನಿಂದ ದಿನವೂ ಹಾಗೆಯೇ. ಅವನು ಬಗ್ಗಿ ಕೈ ಕೊಟ್ಟು ಕಾಯುತ್ತಿದ್ದ. ಅವಳು ಅವನ ಮುಖ ನೋಡುತ್ತಿದ್ದಳು. ಎರಡು ಸಲ ಒತ್ತಿದ ಮೇಲೆ ಎತ್ತುತ್ತಿದ್ದ. ಬೇರೆ ಯಾರಿಗೂ ಅವಳು ಹಾಗೆ ಒತ್ತಲಿಲ್ಲ, ಯಾರೂ ಕಾಯಲೂ ಇಲ್ಲ. ಮಾತಿದ್ದ ಕಾಲದಲ್ಲಿ ಗಂಡ ಹೆಂಡತಿ ಆಡಿದ್ದು ಬರೀ ಎಣ್ಣೆ, ಬೇಳೆ, ಸ್ಕೂಟರಿನ ಪಂಕ್ಚರು. ಮಾತು ಹೋದ ಮೇಲೆ ಈ ಒಂದು ಮಾತು ಹುಟ್ಟಿಕೊಂಡಿತು. ಗೋರಖನಾಥ ಇದನ್ನು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಕ್ರಿಸ್‌ಮಸ್ಸಿಗೆ ಕ್ರಿಸ್ತಪ್ಪ ಡಬ್ಬಿ ತಂದು ಅವಳ ಎಡಗೈಗೆ ಮುಟ್ಟಿಸಿ, ದೂರ ಕುರ್ಚಿ ಹಾಕಿಕೊಂಡು ಕುಳಿತಾಗ, ಅವನಿಗೆ ಮೊದಲ ಸಲ ಆ ಮನುಷ್ಯನ ಮೇಲೆ ಕನಿಕರ ಬಂದಿತ್ತು. ಫೋಟೋ ನಿನ್ನದಿರಲಿ ಮಾರಾಯಾ, ಪದಕವೂ ಇರಲಿ. ಇದೊಂದು ಮಾತ್ರ ನನ್ನದು ಎಂದುಕೊಂಡಿದ್ದ.

*

ಈಗಲೂ ಅದನ್ನೇ ನೆನೆಸಿಕೊಂಡ. ಹೊಟ್ಟೆಕಿಚ್ಚು ಇಳಿಯಿತು. ಕೈಯಲ್ಲಿ ಅಷ್ಟು ಇರುವವನು ಒಂದು ಹೆಗಲಿಗೆ ಜಿಪುಣತನ ಮಾಡಬಾರದು ಅನಿಸಿತು. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಪೈಕಿ ಅವನಲ್ಲ. ಎದ್ದು ಅಂಗಳಕ್ಕೆ ಇಳಿದು, ಅಶ್ವಜಿತನ ಪಕ್ಕದಲ್ಲಿ ಉಸ್ಮಾನ ಮಿಯಾನನ್ನು ನಿಲ್ಲಿಸಿ, ಒಂದು ಕಣ್ಣು ಕಿರಿದು ಮಾಡಿ ನೋಡಿದ.

"ಉಸ್ಮಾನ ಮಿಯಾ, ನೀವು ನಿಂತ್ರ ಹಿಂದಿನ ಬಲ ಮೂಲಿ ಇಳೀತದ. ಮಾಸ್ತರ್ ನಿಂದ್ರಲಿ. ಅಶ್ವಜಿತಗ ಎತ್ತರ ಸಮ ಬರ್ತದ."

"ಬರೋಬ್ಬರ್ ಅದ ಸಾಬ್," ಎಂದ ಉಸ್ಮಾನ ಮಿಯಾ. "ನಾ ನಡುದಾರ್ಯಾಗ ಹೆಗಲು ಬದಲಿ ಕೊಡ್ತೇನಿ."

"ಅಳತಿ ಅಂತ, ಅಳತಿ!" ಎಂದು ಶೇವಂತಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಇವಾಂಜಲಿನ ಅವಳ ಕೈ ಹಿಡಿದುಕೊಂಡಿದ್ದಳು.

ವಿಶಾಖಾಳನ್ನು ತಂದು ಚಟ್ಟದ ಮೇಲೆ ಮಲಗಿಸಿದರು. ಬಿಳಿ ಸೀರೆ, ಮೇಲೆ ಚೆಂಡುಹೂವಿನ ಮಾಲೆ. ಸಾಯಗಾಂವದಿಂದ ಟಂಟಂ ರಿಕ್ಷಾ ಮಾಡಿಕೊಂಡು ಬಂದಿದ್ದ ತಾಯಂದಿರು ಮಕ್ಕಳ ಕೈಯಿಂದ ಒಂದೊಂದು ಹೂವು ಹಾಕಿಸಿದರು. ಆ ತಾಯಂದಿರೂ ಒಂದು ಕಾಲಕ್ಕೆ ಅವಳ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿಂದವರೇ. ತ್ರಿಶರಣ ಪಂಚಶೀಲ ಮುಗಿಯಿತು. ಗೋರಖನಾಥ ಮೇಣಬತ್ತಿ ಹಿಡಿದು ಗೇಟಿನ ಹತ್ತಿರ ಮುಂದೆ ಹೋಗಿ ನಿಂತ. ನಾಲ್ವರೂ ನಾಲ್ಕು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಿದಿರಿಗೆ ಕೈ ಹಾಕಿದರು.

"ಹೂಂ, ಎತ್ರಿ," ಎಂದ ರತ್ನದೀಪ.

ಮೂರು ಮೂಲೆಗಳು ಎದ್ದವು. ಒಂದು ಏಳಲಿಲ್ಲ.

ಚಟ್ಟ ಓರೆಯಾಯಿತು. ಹೂವು ಜಾರಿ ಒಂದೇ ಕಡೆಗೆ ಬಿದ್ದವು. "ಮಾಮಾ!" ಎಂದು ಪ್ರಣಿತಾ ಕೂಗಿದಳು. ಮೂವರೂ ಗಾಬರಿಯಿಂದ ಮತ್ತೆ ಕೆಳಗಿಳಿಸಿದರು. ಮೇಣಬತ್ತಿ ಹಿಡಿದಿದ್ದ ಗೋರಖನಾಥ ತಿರುಗಿ ನೋಡಿದ.

ಕ್ರಿಸ್ತಪ್ಪ ಹಿಂದಿನ ಬಲ ಮೂಲೆಯಲ್ಲಿ ಕುಳಿತೇ ಇದ್ದ. ಅಂಗೈಗಳು ಬಿದಿರಿನ ಕೆಳಗೆ ಗಟ್ಟಿಯಾಗಿದ್ದವು, ತೋಳಿನ ನರ ಉಬ್ಬಿದ್ದವು. ಎತ್ತಲಾಗದವನ ಹಾಗೆ ಕಾಣಲಿಲ್ಲ. ತಲೆ ಒಂದಿಷ್ಟು ವಾರೆ ಮಾಡಿ ಕಾಯುತ್ತಿದ್ದ.

"ಕೈಲಾಗದಿದ್ರ ಬರಬಾರದಾಗಿತ್ತು," ಎಂದಳು ಶೇವಂತಾಬಾಯಿ.

ಕ್ರಿಸ್ತಪ್ಪ ಎಚ್ಚರಾದವನಂತೆ ಸುತ್ತ ನೋಡಿದ. ಅವನ ಮುಖ ಕೆಂಪಾಯಿತು.

"ತಪ್ಪಾತ್ರಿ. ಆಕಿ ಇನ್ನಾ ಹೇಳಿಲ್ಲರಿ."

"ಏನ್ ಹೇಳಿಲ್ಲ?"

"ಎತ್ತು ಅಂತ." ಅವನ ದನಿ ಇಳಿಯಿತು. "ಎತ್ತೋಕ್ಕಿಂತ ಮೊದಲ ಹೆಬ್ಬಟ್ಟಿಲೆ ಎರಡ್ ಸಲ ಮುಂಗೈ ಒತ್ತತಿದ್ಳು. ಒತ್ತೋತನಾ ಎತ್ತಬಾರದು ಅಂತ ಸಾರ್ಜೆಂಟ್ ನನ್ನ ಕೈಮ್ಯಾಲ ಹೊಡೆದು ಕಲಿಸ್ಯಾರ. ಅವಸರ ಮಾಡಿದ್ರ ಹುಡುಗಿ ಬೀಳ್ತಾಳ ಅಂತ. ಅರ್ಧ ನಾ ಎತ್ತತಿದ್ದೆ, ಅರ್ಧ ಆಕಿ ಜಿಗೀತಿದ್ಳು. ಇಷ್ಟು ವರ್ಷ ಆದ್ರೂ ಕೈಗೆ ನೆನಪದರಿ. ಎತ್ತೋದು ಆಕಿನ್ನ ಅಂದಕೂಡ್ಲೇ ಕೈ ತಾನೇ ನಿಂತುಬಿಡ್ತು."

ಅಂಗಳದಲ್ಲಿ ಯಾರಿಗೂ ಇದು ಪೂರಾ ತಿಳಿಯಲಿಲ್ಲ. ತಿಳಿದವನು ಒಬ್ಬನೇ.

ಗೋರಖನಾಥ ತನ್ನದೊಂದೇ ಎಂದು ಬಚ್ಚಿಟ್ಟುಕೊಂಡಿದ್ದು ಇವನ ಕೈಯಿಂದ ಬಂದದ್ದಾಗಿತ್ತು. ಹಾಸಿಗೆಯ ಮೇಲೆ ಅವಳು ತನ್ನ ಮುಖ ನೋಡುತ್ತಿದ್ದಾಗ ಯಾರನ್ನು ನೋಡುತ್ತಿದ್ದಳು? ಕೇಳಲು ಈಗ ಅವಳಿಲ್ಲ. ಸಂಕಟವಾಯಿತು. ನಿನ್ನೆಯಿಂದ ಬಾರದ ನೀರು ಕಣ್ಣಿಗೆ ಬಂತು, ಜನರೆದುರು ಬಂತು. ಅವನು ಒರೆಸಿಕೊಳ್ಳಲಿಲ್ಲ.

"ಇನ್ನೊಮ್ಮೆ ನೋಡೋಣರಿ," ಎಂದು ರತ್ನದೀಪ ಹೇಳಿದ. "ಹೂಂ."

ಮೂವರೂ ಬಿದಿರು ಬಿಗಿದುಕೊಂಡರು. ಕ್ರಿಸ್ತಪ್ಪನೂ ಹಲ್ಲು ಕಚ್ಚಿದ. ಕೈ ಏಳಲಿಲ್ಲ. "ನನ್ನಿಂದ ಆಗೋದಿಲ್ಲರಿ ಸಾಹೇಬ್ರ," ಎಂದ. "ಉಸ್ಮಾನ ಮಿಯಾ ಬರಲಿ. ಎತ್ತಿದ್ರ ಬೀಳ್ತಾಳ ಅಂತ ಅನಸ್ಲಿಕತ್ಯದ."

ಬೀಳುವುದಿಲ್ಲ. ಅದೂ ಗೋರಖನಾಥನಿಗೆ ಗೊತ್ತಿತ್ತು. ಇಡೀ ಮಳೆಗಾಲ, ಇಡೀ ಚಳಿಗಾಲ ಅವಳು ಅವನ ಕೈಯಿಂದ ಒಮ್ಮೆಯೂ ಬಿದ್ದಿರಲಿಲ್ಲ. ಕಸ್ತೂರಿಬಾಯಿಗೆ ಒತ್ತದವಳು, ಹೆತ್ತ ಮಗಳಿಗೂ ಒತ್ತದವಳು, ತನಗೆ ಒತ್ತಿದ್ದಳು. ಈ ಅಂಗಳದಲ್ಲಿ ಅದನ್ನು ಬಲ್ಲವರು ಇಬ್ಬರೇ, ಒಬ್ಬನು ಕಾಯುತ್ತ ಕುಳಿತಿದ್ದ.

ಅವನು ಮೇಣಬತ್ತಿಯನ್ನು ಅಕ್ಕನ ಕೈಗೆ ಕೊಟ್ಟ. ಶೇವಂತಾಬಾಯಿ ಏನೋ ಹೇಳಲು ಹೋಗಿ ಅವನ ಮುಖ ನೋಡಿ ನಿಲ್ಲಿಸಿದಳು. ಗೇಟಿನಿಂದ ಹಿಂದಕ್ಕೆ ಬಂದು, ಮೊಣಕಾಲು ಹಿಡಿದುಕೊಂಡು ಕಷ್ಟದಿಂದ ಕ್ರಿಸ್ತಪ್ಪನ ಪಕ್ಕ ಕುಳಿತ. ಬಿದಿರಿನ ಕೆಳಗಿದ್ದ ಅವನ ಮಣಿಕಟ್ಟನ್ನು ಎಡಗೈಯಿಂದ ಹಿಡಿದ. ಕ್ರಿಸ್ತಪ್ಪ ಅವನ ಕಡೆ ನೋಡಿದ.

ಗೋರಖನಾಥ ಹೆಬ್ಬೆರಳಿನಿಂದ ಒಂದು ಸಲ ಒತ್ತಿದ. ಅವಳು ಬಿಡುತ್ತಿದ್ದಷ್ಟೇ ಹೊತ್ತು ಬಿಟ್ಟು, ಇನ್ನೊಂದು ಸಲ ಒತ್ತಿದ.

ಮೂಲೆ ಎದ್ದಿತು. ಉಳಿದ ಮೂರೂ ಅದರ ಜೊತೆಗೆ ಎದ್ದವು. ಚಟ್ಟ ನಾಲ್ಕು ಹೆಗಲ ಮೇಲೆ ಸಮವಾಗಿ ನಿಂತಿತು. ಒಂದು ಹೂವೂ ಅಲುಗಲಿಲ್ಲ.

ಗೇಟಿನ ಹತ್ತಿರ ಶೇವಂತಾಬಾಯಿ ಉರಿಯುವ ಬತ್ತಿ ಹಿಡಿದು, ಮುಂದೆ ನಡೆಯಬೇಕಾದ ತಮ್ಮನಿಗಾಗಿ ಕಾದಳು. ಅವನು ಬರಲಿಲ್ಲ. ಕೊನೆಗೆ ಅವಳೇ ಮುಂದೆ ನಡೆದಳು. ಹಿಂದಿನ ಬಲ ಮೂಲೆಯ ಪಕ್ಕದಲ್ಲಿ ಗೋರಖನಾಥ ಕುಂಟುತ್ತ ಬರುತ್ತಿದ್ದ. ಅವನ ಹೆಬ್ಬೆರಳು ಕ್ರಿಸ್ತಪ್ಪನ ಮಣಿಕಟ್ಟಿನ ಮೇಲೆ ಇನ್ನೂ ಇತ್ತು.